ಕಸಿ ಮಾಡಿದ ಕಿಡ್ನಿಯೂ ಉಳಿಯಲಿ, ಕಣ್ಣೂ ಉಳಿಯಲಿ

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ. ನಾನು ಚಿಕಿತ್ಸಾಲಯದ ಬಾಗಿಲು ತೆರೆಯುವ ಮೊದಲೇ ಅರವತ್ತರ ಸಮೀಪದ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಮಗನಿಗೆ ಮೂವತ್ತನಾಲ್ಕು ವರ್ಷ. ಮಲಪ್ರಭೆಯ ಕಾಲುವೆ ನೀರಿನಲ್ಲಿ ಮೂರು ಎಕರೆ ಸಾಗುವಳಿ ಮಾಡುವ ರೈತ. ಮೂರು ವರ್ಷಗಳ ಹಿಂದೆ ಆತನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದಾಗ ಈ ತಾಯಿಯೇ ತಮ್ಮದೊಂದನ್ನು ಕೊಟ್ಟು ಮಗನನ್ನು ಉಳಿಸಿಕೊಂಡಿದ್ದರು. ನಗರದ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಅಂದಿನಿಂದ ಆತ ದಿನವೂ ಮೂರು ಬಗೆಯ ಗುಳಿಗೆಗಳನ್ನು ತಪ್ಪದೆ ನುಂಗಬೇಕಿತ್ತು.

ತಾಯಿ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಗುಳಿಗೆಯ ಪಟ್ಟಿಗಳನ್ನು ನನ್ನ ಮೇಜಿನ ಮೇಲೆ ಇಟ್ಟರು. ಹೊಸ ಪಟ್ಟಿಗಳು, ಒಂದೂ ಒಡೆದಿರಲಿಲ್ಲ.

"ನೋಡ್ರಿ ಡಾಕ್ಟ್ರ, ಗ್ವಾಡಿ ಮಾಡದಾಗ ಸಿಕ್ಕಾವು. ಐದು ದಿನ ಆತಂತ, ಒಂದೂ ನುಂಗಿಲ್ಲ."

ಮಗ ತಲೆ ತಗ್ಗಿಸಿಯೇ ಹೇಳಿದ: "ಕಣ್ಣು ಮಂಜ ಆಗ್ಯಾವ್ರಿ. ಬಿಸಲಾಗ ಎದುರಿಗೆ ಬಂದವ್ರ ಮಾರಿ ಕಾಣಂಗಿಲ್ಲ. ಗುಳಿಗಿ ನುಂಗಿ ನುಂಗಿ ಹಿಂಗ ಆಗೈತಿ, ಬಿಟ್ರ ಸರಿ ಹೊಕ್ಕೈತಿ ಅಂತ ಊರಾಗ ಹೇಳಿದ್ರು. ಅದಕ್ಕ ಬಿಟ್ಟೇನ್ರಿ."

ಊರಿನವರು ಹೇಳಿದ ಮಾತಿನಲ್ಲಿ ಅರ್ಧ ನಿಜವಿತ್ತು. ಆತನ ಕಣ್ಣು ಮಂಜಾಗಲು ಗುಳಿಗೆಯೂ ಕಾರಣವೇ. ಆದರೆ 'ಬಿಟ್ಟರೆ ಸರಿಹೋಗುತ್ತದೆ' ಎಂಬ ಉಳಿದರ್ಧ ಶುದ್ಧ ತಪ್ಪು. ಆ ತಪ್ಪಿನಿಂದ ಕಣ್ಣೂ ಸರಿಹೋಗುವುದಿಲ್ಲ, ತಾಯಿ ಕೊಟ್ಟ ಮೂತ್ರಪಿಂಡವೂ ಕೈಬಿಟ್ಟು ಹೋಗಬಹುದು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಎರಡು ತಿಂಗಳ ಹಿಂದೆ ಈತ ನೆಗಡಿಗೆಂದು ನನ್ನ ಬಳಿ ಬಂದಾಗ, ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ ಎಂದು ಮಾತಿನ ನಡುವೆ ಹೇಳಿದ್ದ. ಹೊರಗೆ ರೋಗಿಗಳ ಸಾಲಿತ್ತು. "ಒಮ್ಮೆ ಕನ್ನಡಕದ ನಂಬರು ನೋಡಿಸಿಕೋ" ಎಂದು ಕಳಿಸಿಬಿಟ್ಟಿದ್ದೆ. ಕಸಿ ಮಾಡಿಸಿಕೊಂಡವನ ಬಾಯಿಂದ ಆ ಮಾತು ಬಂದಾಗ ನಾನು ಅಲ್ಲಿಯೇ ನಿಂತು ಯೋಚಿಸಬೇಕಿತ್ತು. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಗುಳಿಗೆ ಏಕೆ ಬೇಕು?

ನಮ್ಮ ದೇಹದ ರೋಗನಿರೋಧಕ ಶಕ್ತಿ ಮನೆಯ ಕಾವಲು ನಾಯಿ ಇದ್ದಂತೆ. ಕಳ್ಳನನ್ನೂ ಕಚ್ಚುತ್ತದೆ, ಪರಿಚಯವಿಲ್ಲದ ಬೀಗರನ್ನೂ ಕಚ್ಚುತ್ತದೆ. ಬೇರೊಬ್ಬರ ಮೂತ್ರಪಿಂಡ ಎಷ್ಟೇ ಪ್ರೀತಿಯಿಂದ ಬಂದಿರಲಿ, ದೇಹದ ಪಾಲಿಗೆ ಅದು ಹೊರಗಿನದು. ಹೆತ್ತ ತಾಯಿಯದಾದರೂ ಅಷ್ಟೇ. ಆದ್ದರಿಂದ ಆ ಶಕ್ತಿಯನ್ನು ಔಷಧಿಯಿಂದ ಹದವಾಗಿ ತಗ್ಗಿಸಿ ಇಡಬೇಕಾಗುತ್ತದೆ, ಅದೂ ಕಸಿಯಾದ ಮೂತ್ರಪಿಂಡ ಕೆಲಸ ಮಾಡುವಷ್ಟು ಕಾಲ.

1954ರ ಡಿಸೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಜಗತ್ತಿನ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ಮಾಡಿದರು. ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿ ಸಹೋದರರು. ಆದ್ದರಿಂದ ದೇಹ ಅದನ್ನು ಪರಕೀಯವೆಂದು ಗುರುತಿಸಲಿಲ್ಲ. ತದ್ರೂಪಿ ಅವಳಿ ಇಲ್ಲದವರಿಗೆ ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಔಷಧಿಗಳಿಂದ. 1960ರ ದಶಕದಲ್ಲಿ ಅಜಾಥಿಯೋಪ್ರಿನ್ ಮತ್ತು ಸ್ಟೀರಾಯ್ಡ್‌ಗಳ ಜೋಡಿ ಬಳಕೆಗೆ ಬಂತು. ನಾರ್ವೆಯ ಮಣ್ಣಿನಲ್ಲಿ ದೊರೆತ ಶಿಲೀಂಧ್ರದಿಂದ ತೆಗೆದ ಸೈಕ್ಲೋಸ್ಪೋರಿನ್‌ಗೆ 1983ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. 1984ರಲ್ಲಿ ಜಪಾನಿನ ಸುಕುಬಾ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯಿಂದ ಟ್ಯಾಕ್ರೋಲಿಮಸ್ ದೊರೆಯಿತು. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1971ರಲ್ಲಿ ಯಶಸ್ವಿ ಕಸಿ ನಡೆಯಿತು. ಅಂಗಾಂಗ ಮಾರಾಟ ತಡೆಯುವ ಕಾಯಿದೆ 1994ರಲ್ಲಿ ಬಂತು. ಇಂದು ನಮ್ಮ ಬೆಳಗಾವಿ, ಧಾರವಾಡಗಳಲ್ಲೇ ಕಸಿ ನಡೆಯುತ್ತಿದೆ. ಹಾಗಾಗಿ ಹಳ್ಳಿಗಳಲ್ಲಿಯೂ ಕಸಿ ಮಾಡಿಸಿಕೊಂಡವರು ಕಾಣಸಿಗುತ್ತಾರೆ.

ಬಹುಪಾಲು ರೋಗಿಗಳು ಮೂರು ಔಷಧಿಗಳನ್ನು ಸೇವಿಸುತ್ತಾರೆ: ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್, ಮೈಕೋಫಿನೋಲೇಟ್ ಅಥವಾ ಅಜಾಥಿಯೋಪ್ರಿನ್, ಜೊತೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್. ಇವುಗಳ ಪ್ರಮಾಣವನ್ನು ನಮ್ಮ ನವಿಲುತೀರ್ಥದ ಅಣೆಕಟ್ಟಿನ ಬಾಗಿಲಿಗೆ ಹೋಲಿಸಬಹುದು. ಹೆಚ್ಚು ತೆರೆದರೆ ಏನಾಗುತ್ತದೆಂದು 2019ರ ಆಗಸ್ಟ್‌ನಲ್ಲಿ ಮುನವಳ್ಳಿ, ರಾಮದುರ್ಗದವರು ಕಂಡಿದ್ದಾರೆ. ಪೂರ್ತಿ ಮುಚ್ಚಿದರೆ ಬೆಳೆ ಒಣಗುತ್ತದೆ. ನೀರಿನ ಮಟ್ಟ ಅಳೆಯುವವರು ಹೇಳಿದಷ್ಟೇ ಬಾಗಿಲು ಎತ್ತಬೇಕು. ದಂಡೆಯ ಮೇಲೆ ನಿಂತವರು ಮನಬಂದಂತೆ ತಿರುಗಿಸುವಂತಿಲ್ಲ.

ಚಿಕ್ಕ ವಯಸ್ಸಿನಲ್ಲೇ ಪೊರೆ

ಕಣ್ಣಿನ ಪೊರೆ, ಅಂದರೆ ನಮ್ಮ ಕಡೆ ಮೋತಿಬಿಂದು ಎನ್ನುವುದು, ಮುದುಕರಿಗೆ ಮಾತ್ರ ಬರುವುದೆಂಬ ನಂಬಿಕೆಯಿದೆ. ಸ್ಟೀರಾಯ್ಡನ್ನು ತಿಂಗಳು, ವರ್ಷಗಟ್ಟಲೆ ಸೇವಿಸುವವರಲ್ಲಿ ಅದು ಮೂವತ್ತರಲ್ಲೂ ಬರಬಹುದು. ಪ್ರಮಾಣ ಮತ್ತು ಅವಧಿ ಹೆಚ್ಚಿದಷ್ಟೂ ಸಂಭವ ಹೆಚ್ಚು.

ಈ ಪೊರೆಯ ಗುಣವೂ ಸ್ವಲ್ಪ ಬೇರೆ. ಇದು ಮಸೂರದ ಹಿಂಬದಿಯಲ್ಲಿ, ಸರಿಯಾಗಿ ನಡುಮಧ್ಯದಲ್ಲಿ ಕಟ್ಟಿಕೊಳ್ಳುತ್ತದೆ. ಬಿಸಿಲಿನಲ್ಲಿ ಕಣ್ಣಿನ ಪಾಪೆ ಕಿರಿದಾದಾಗ ಬೆಳಕು ಆ ನಡುಭಾಗದಿಂದಲೇ ಹಾಯಬೇಕು. ಆದ್ದರಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣದವನಿಗೆ ಸಂಜೆ ಹೊತ್ತು ಚೆನ್ನಾಗಿ ಕಾಣುತ್ತದೆ. ರಾತ್ರಿ ಎದುರಿನ ವಾಹನದ ದೀಪ ಸಿಡಿದಂತೆ ಹರಡುತ್ತದೆ. ಓದುವುದು, ಸೂಜಿಗೆ ದಾರ ಪೋಣಿಸುವುದು ಕಷ್ಟವಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಕಣ್ಣಿನಲ್ಲಿ ಬಿಳಿ ಕಾಣುವುದಿಲ್ಲ. ಹಾಗಾಗಿ ಮನೆಯವರು "ಏನೂ ಆಗಿಲ್ಲ, ಮೈಗಳ್ಳತನ" ಎಂದು ಬೈಯುವುದೂ ಉಂಟು.

ಕಟ್ಟಿದ ಪೊರೆ ಗುಳಿಗೆ ಬಿಟ್ಟರೆ ಕರಗುವುದಿಲ್ಲ. ಹನಿ ಔಷಧಿಯಿಂದಲೂ ಹೋಗುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಕೃತಕ ಮಸೂರ ಇಡುವುದೊಂದೇ ದಾರಿ. ಕಸಿ ಮಾಡಿಸಿಕೊಂಡವರಿಗೂ ಇದನ್ನು ಮಾಡಬಹುದು, ಫಲಿತಾಂಶ ಸಾಮಾನ್ಯವಾಗಿ ಒಳ್ಳೆಯದೇ. ಸೋಂಕಿನ ಭಯ ಹೆಚ್ಚಾದ್ದರಿಂದ ಕಣ್ಣಿನ ವೈದ್ಯರು ಮತ್ತು ಕಸಿ ವೈದ್ಯರು ಮಾತನಾಡಿಕೊಂಡು ದಿನ ಗೊತ್ತುಪಡಿಸಬೇಕು.

ನಮ್ಮ ಸೀಮೆಯ ಹಿರಿಯರು "ಮೋತಿಬಿಂದು ಹಣ್ಣಾಗಲಿ, ಆಮೇಲೆ ತೆಗೆಸೋಣ" ಎನ್ನುತ್ತಾರೆ. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಉಚಿತ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ದೃಷ್ಟಿ ಕೊಟ್ಟ ಕಾಲದಲ್ಲಿ ಪೊರೆ ಬಲಿಯುವವರೆಗೆ ಕಾಯುವ ಪದ್ಧತಿ ಇತ್ತು. ಈಗ ಅದರ ಅಗತ್ಯವಿಲ್ಲ. ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದಾಗ ತೆಗೆಸಬಹುದು. ಉಚಿತ ಶಿಬಿರಕ್ಕೆ ಹೋಗುವವರು ಮಾತ್ರ ಮೊದಲು ಹೇಳಬೇಕಾದ ಮಾತು ಒಂದೇ: "ನನಗೆ ಕಿಡ್ನಿ ಕಸಿಯಾಗಿದೆ."

ಸದ್ದಿಲ್ಲದ ಕಳ್ಳ

ಪೊರೆ ಬಂದರೆ ರೋಗಿಗೆ ಗೊತ್ತಾಗುತ್ತದೆ. ಗ್ಲಾಕೋಮ ಬಂದರೆ ಬಹುಕಾಲ ಗೊತ್ತಾಗುವುದಿಲ್ಲ. ಕಣ್ಣಿನೊಳಗೆ ಒಂದು ಬಗೆಯ ತಿಳಿದ್ರವ ಸದಾ ಹುಟ್ಟಿ, ಸಣ್ಣ ಜಾಲರಿಯ ಮೂಲಕ ಹೊರಹೋಗುತ್ತಿರುತ್ತದೆ. ಕೆಲವರಲ್ಲಿ ಸ್ಟೀರಾಯ್ಡಿನಿಂದ ಈ ಜಾಲರಿ, ಹೂಳು ತುಂಬಿದ ಹೊಲಗಾಲುವೆಯಂತೆ ಕಟ್ಟಿಕೊಳ್ಳುತ್ತದೆ. ದ್ರವ ಒಳಗೇ ನಿಂತು ಒತ್ತಡ ಏರುತ್ತದೆ. ಸಾಮಾನ್ಯವಾಗಿ ಕಣ್ಣಿನ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದ ಮಟ್ಟದಲ್ಲಿರುತ್ತದೆ. ಅದು ಮೀರಿ ಬಹಳ ಕಾಲ ನಿಂತರೆ ದೃಷ್ಟಿನರ ಸಾಯುತ್ತಾ ಹೋಗುತ್ತದೆ.

ನೋವಿಲ್ಲ, ಕೆಂಪಿಲ್ಲ. ಮೊದಲು ಹೋಗುವುದು ಅಕ್ಕಪಕ್ಕದ ನೋಟ. ಎದುರಿನದು ಸ್ಪಷ್ಟ ಕಾಣುತ್ತಿರುವುದರಿಂದ ರೋಗಿ ನಿಶ್ಚಿಂತನಾಗಿರುತ್ತಾನೆ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ಪಕ್ಕದಿಂದ ಬಂದ ಸೈಕಲ್ಲು ಕಾಣದಿರುವುದು ಆರಂಭವಾದಾಗ ಬಹಳಷ್ಟು ನಷ್ಟ ಆಗಿಹೋಗಿರುತ್ತದೆ. ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು ಅಷ್ಟೇ.

ಎಲ್ಲರಿಗೂ ಹೀಗಾಗುವುದಿಲ್ಲ. ಸ್ಟೀರಾಯ್ಡ್ ಹನಿಗಳನ್ನು ಕೆಲವು ವಾರ ಹಾಕಿದರೆ ನೂರರಲ್ಲಿ ಸುಮಾರು ಐವರಿಗೆ ಒತ್ತಡ ತೀವ್ರವಾಗಿ ಏರುತ್ತದೆ, ಇನ್ನಷ್ಟು ಮಂದಿಗೆ ಸ್ವಲ್ಪ ಏರುತ್ತದೆ. ಗುಳಿಗೆಯಿಂದ ಈ ಅಪಾಯ ಹನಿಗಿಂತ ಕಡಿಮೆ, ಆದರೆ ಇದ್ದೇ ಇದೆ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಹೆಚ್ಚು. ಕಂಡುಹಿಡಿಯಲು ಕಣ್ಣಿನ ಒತ್ತಡ ಅಳೆಯುವುದು, ದೃಷ್ಟಿನರದ ಬುಡ ನೋಡುವುದು ಬೇಕು. ಕೆಲವು ನಿಮಿಷಗಳ ಪರೀಕ್ಷೆ ಅದು. ಕನ್ನಡಕದ ಅಂಗಡಿಯಲ್ಲಿ ನಂಬರು ನೋಡಿಸಿಕೊಂಡರೆ ಈ ಪರೀಕ್ಷೆ ಆದಂತಲ್ಲ.

ಸಕ್ಕರೆ, ರಕ್ತದೊತ್ತಡ ಮತ್ತು ಕಣ್ಣು

ಸ್ಟೀರಾಯ್ಡ್ ಮತ್ತು ಟ್ಯಾಕ್ರೋಲಿಮಸ್ ಎರಡೂ ರಕ್ತದ ಸಕ್ಕರೆಯನ್ನು ಏರಿಸಬಲ್ಲವು. ಮೊದಲು ಸಕ್ಕರೆ ಕಾಯಿಲೆ ಇಲ್ಲದವರಿಗೂ ಕಸಿಯ ನಂತರ ಅದು ಹೊಸದಾಗಿ ಬರಬಹುದು. ಸಕ್ಕರೆ ಏರಿಳಿದಂತೆ ಮಸೂರ ಉಬ್ಬುತ್ತದೆ, ಇಳಿಯುತ್ತದೆ. ಇಂದು ಮಂಜು, ನಾಳೆ ಸ್ಪಷ್ಟ, ಮತ್ತೆ ಮಂಜು. ಇಂಥವರು ಕನ್ನಡಕ ಮಾಡಿಸಿದರೆ ಹದಿನೈದು ದಿನಕ್ಕೆ ಅದು ಹೊಂದುವುದಿಲ್ಲ. ಆದ್ದರಿಂದ ಕಸಿ ಮಾಡಿಸಿಕೊಂಡವರು ಕನ್ನಡಕ ಬದಲಿಸುವ ಮುನ್ನ ಸಕ್ಕರೆ ಪರೀಕ್ಷೆ ಮಾಡಿಸಬೇಕು. ವರ್ಷಗಳ ಕಾಲ ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲದ ರಕ್ತನಾಳಗಳು ಸೋರತೊಡಗುತ್ತವೆ. ಅದು ಬೇರೆಯೇ ದೊಡ್ಡ ಸಂಕಟ.

ಸ್ಟೀರಾಯ್ಡ್ ಸೇವಿಸುವ ಕೆಲವರಲ್ಲಿ ಅಕ್ಷಿಪಟಲದ ನಡುಭಾಗದ ಕೆಳಗೆ ನೀರು ಸೇರಿಕೊಳ್ಳುತ್ತದೆ. ಆಗ ನೆಟ್ಟಗಿನ ವಿದ್ಯುತ್ ಕಂಬ ಸೊಟ್ಟಗೆ ಕಾಣುತ್ತದೆ, ನೋಟದ ನಡುವೆ ಬೂದು ಬಣ್ಣದ ಚುಕ್ಕೆ ನಿಂತಂತೆ ಆಗುತ್ತದೆ. ಇಲ್ಲಿ ಸ್ಟೀರಾಯ್ಡ್ ತಗ್ಗಿಸಿದರೆ ಅನುಕೂಲವಾಗಬಹುದು. ಆದರೆ ಎಷ್ಟು ತಗ್ಗಿಸಿದರೆ ಮೂತ್ರಪಿಂಡಕ್ಕೆ ಧಕ್ಕೆಯಿಲ್ಲ ಎಂಬುದನ್ನು ಕಸಿ ವೈದ್ಯರೇ ನಿರ್ಧರಿಸಬೇಕು.

ಅಪರೂಪವಾದರೂ ಗಾಬರಿ ಹುಟ್ಟಿಸುವ ಇನ್ನೊಂದು ಸ್ಥಿತಿಯಿದೆ. ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ಸೇವಿಸುತ್ತಿರುವವರಲ್ಲಿ, ವಿಶೇಷವಾಗಿ ರಕ್ತದೊತ್ತಡ ಏರಿದಾಗ, ಮೆದುಳಿನ ಹಿಂಭಾಗ ಊದಿಕೊಳ್ಳಬಹುದು. ನೋಟವನ್ನು ಗ್ರಹಿಸುವ ಕೇಂದ್ರ ಅಲ್ಲಿಯೇ ಇರುವುದು. ತೀವ್ರ ತಲೆನೋವು, ಫಿಟ್ಸ್, ಎರಡೂ ಕಣ್ಣು ಒಮ್ಮೆಲೇ ಕಾಣದಿರುವುದು ಇದರ ಲಕ್ಷಣ. ಕಣ್ಣನ್ನು ಪರೀಕ್ಷಿಸಿದರೆ ಏನೂ ದೋಷ ಕಾಣದು. ಕೂಡಲೇ ಆಸ್ಪತ್ರೆಗೆ ಸೇರಿಸಿ ರಕ್ತದೊತ್ತಡ ಇಳಿಸಿ, ಔಷಧಿಯನ್ನು ಸರಿಪಡಿಸಿದರೆ ಬಹುಮಟ್ಟಿಗೆ ನೋಟ ಮರಳುತ್ತದೆ. "ದೆವ್ವ ಬಡಿದಿದೆ" ಎಂದು ತಡಮಾಡಿದರೆ ಮರಳದೆಯೂ ಇರಬಹುದು.

ಸೋಂಕುಗಳ ಕಾಟ

ಕಾವಲು ತಗ್ಗಿದ ಮನೆಗೆ ಕಳ್ಳರು ನುಗ್ಗುವುದು ಸುಲಭ. ಕಸಿಯಾದ ಮೊದಲ ತಿಂಗಳುಗಳಲ್ಲಿ ಔಷಧಿಯ ಪ್ರಮಾಣ ಹೆಚ್ಚಿರುತ್ತದೆ, ಸೋಂಕಿನ ಭಯವೂ ಆಗಲೇ ಹೆಚ್ಚು.

ಸೈಟೋಮೆಗಾಲೋ ಎಂಬ ವೈರಸ್ ನಮ್ಮಲ್ಲಿ ಬಹುತೇಕರ ದೇಹದಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಶಕ್ತಿ ಕುಂದಿದವರಲ್ಲಿ ಅದು ಎದ್ದು ಕೆಲವೊಮ್ಮೆ ಅಕ್ಷಿಪಟಲವನ್ನು ತಿನ್ನತೊಡಗುತ್ತದೆ. ನೋವಿರುವುದಿಲ್ಲ. ಕಣ್ಣೆದುರು ನೊಣ ಹಾರಿದಂತೆ, ಜೇಡರ ಬಲೆ ತೇಲಿದಂತೆ ಕಾಣುವುದು, ನೋಟದ ಒಂದು ಭಾಗಕ್ಕೆ ಪರದೆ ಬಿದ್ದಂತಾಗುವುದು ಇದರ ಸೂಚನೆ. ಇದಕ್ಕೆ ಗ್ಯಾನ್‌ಸೈಕ್ಲೋವಿರ್ ಮುಂತಾದ ಔಷಧಿಗಳಿವೆ. ಅವು ರೋಗವನ್ನು ತಡೆಯುತ್ತವೆ, ಸತ್ತ ಅಕ್ಷಿಪಟಲವನ್ನು ಬದುಕಿಸಲಾರವು. ಹಾಗಾಗಿ ಇಲ್ಲಿ ದಿನಗಳ ಲೆಕ್ಕ ಮುಖ್ಯ.

ಸರ್ಪಸುತ್ತು ಇನ್ನೊಂದು. ಹಣೆಯ ಒಂದೇ ಬದಿಗೆ ಉರಿ, ಆಮೇಲೆ ನೀರುಗುಳ್ಳೆ. ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ತಗಲುವ ಸಂಭವ ಹೆಚ್ಚು ಎಂದು ತಿಳಿಯಬೇಕು. ನಮ್ಮಲ್ಲಿ ಸರ್ಪಸುತ್ತಿಗೆ ಮಂತ್ರ ಹಾಕಿಸುವುದು, ಕೆಮ್ಮಣ್ಣು ಹಚ್ಚುವುದು ರೂಢಿ. ಗುಳ್ಳೆ ಎದ್ದ ಮೂರು ದಿನದೊಳಗೆ ವೈರಸ್ ನಿರೋಧಕ ಔಷಧಿ ಆರಂಭವಾಗಬೇಕು. ಮಂತ್ರಕ್ಕೆಂದು ಆ ಮೂರು ದಿನ ಕಳೆದರೆ ನಷ್ಟ ಕಣ್ಣಿನದು.

2021ರಲ್ಲಿ ಕೋವಿಡ್ ಎರಡನೆಯ ಅಲೆಯ ಹೊತ್ತಿಗೆ 'ಕಪ್ಪು ಶಿಲೀಂಧ್ರ'ದ ಹೆಸರು ಮನೆಮನೆಗೂ ಮುಟ್ಟಿತು. ಸಕ್ಕರೆ ಹತೋಟಿ ತಪ್ಪಿದವರಲ್ಲಿ, ಸ್ಟೀರಾಯ್ಡ್ ಹೆಚ್ಚಾಗಿ ಪಡೆದವರಲ್ಲಿ ಅದು ಮೂಗಿನಿಂದ ಕಣ್ಣಿಗೆ, ಅಲ್ಲಿಂದ ಮೆದುಳಿಗೆ ಹಬ್ಬಿತು. ಕೋವಿಡ್‌ಗೆ ಮೊದಲೂ ಆ ರೋಗವಿತ್ತು, ಈಗಲೂ ಇದೆ. ಕಸಿ ಮಾಡಿಸಿಕೊಂಡವರು ಅದರ ಅಪಾಯದ ಪಟ್ಟಿಯಲ್ಲಿದ್ದಾರೆ. ಕೆನ್ನೆ ನೋವು, ಮುಖದ ಒಂದು ಬದಿ ಊತ, ಮೂಗಿನಿಂದ ಕಪ್ಪು ಸಿಂಬಳ, ರೆಪ್ಪೆ ಜೋತುಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಹೊಲ, ಹೊಂಡ, ಜಾತ್ರೆ

ನಮ್ಮದು ಕಬ್ಬು, ಜೋಳ, ಹತ್ತಿಯ ಸೀಮೆ. ಕಬ್ಬಿನ ರವದಿ ಕಣ್ಣಿಗೆ ಗೀರುವುದು, ರಾಶಿ ಮಾಡುವಾಗ ಸುಂಕು ಬೀಳುವುದು ಸಾಮಾನ್ಯ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲಕ್ಕೆ ಇಂಥ ಗೀರು ಬಿದ್ದರೆ ಶಿಲೀಂಧ್ರ ಸೇರಿ ಹುಣ್ಣಾಗುತ್ತದೆ. ಆರೋಗ್ಯವಂತರಿಗೇ ಅದು ಮಾಯಲು ವಾರಗಟ್ಟಲೆ ಬೇಕು. ಕಸಿ ರೋಗಿಗೆ ಇನ್ನೂ ಕಠಿಣ. ಗೀರಿದ ಕಣ್ಣಿಗೆ ಎದೆಹಾಲು, ಹರಳೆಣ್ಣೆ, ಜೇನು, ಸೊಪ್ಪಿನ ರಸ ಏನನ್ನೂ ಹಾಕಬೇಡಿ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿಯನ್ನೂ ಹಾಕಬೇಡಿ. ಅನೇಕ ಹನಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಹಾಕಿದ ಎರಡು ದಿನ ಕೆಂಪು ಇಳಿದು ಹಿತವೆನಿಸುತ್ತದೆ, ಒಳಗೆ ಹುಣ್ಣು ಹಬ್ಬುತ್ತಿರುತ್ತದೆ.

ಹೊಲದ ಕೆಲಸ ಬಿಡಿ ಎಂದು ನಾನು ಹೇಳುವುದಿಲ್ಲ, ಬಿಟ್ಟರೆ ಉಣ್ಣುವುದೇನು? ಸಾದಾ ಗಾಜಿನ ಅಗಲವಾದ ಕನ್ನಡಕ ಹಾಕಿಕೊಂಡು ಇಳಿಯಿರಿ. ಕಾಲುವೆ, ಕೆರೆಯಲ್ಲಿ ಮುಳುಗಬೇಡಿ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತಿಗೂ ನನ್ನ ಅಡ್ಡಿಯಿಲ್ಲ. ಕಸಿಯಾದ ಮೊದಲ ವರ್ಷ ಆ ನೂಕುನುಗ್ಗಲು ಬೇಡ, ಗದ್ದಲವಿಲ್ಲದ ದಿನ ಹೋಗಿಬನ್ನಿ. ಭಂಡಾರ ಹಣೆಗಿರಲಿ, ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಹೊಂಡದ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು, ಕಣ್ಣು ತೊಳೆಯಬೇಡಿ.

ಬೇರೆ ಔಷಧಿಗಳ ಜೊತೆ ಜಗಳ

ಜ್ವರ, ಕೆಮ್ಮಿಗೆಂದು ಬೇರೆ ವೈದ್ಯರ ಬಳಿ ಹೋದಾಗ ಕಸಿಯ ವಿಷಯ ಮುಚ್ಚಿಡುವವರಿದ್ದಾರೆ. ಇದು ಬಲು ಅಪಾಯ. ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್, ಫ್ಲುಕೋನಜೋಲ್ ಮೊದಲಾದವು ರಕ್ತದಲ್ಲಿ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್‌ಗಳ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಇಳಿಸಿಬಿಡುತ್ತದೆ, ಆಗ ದೇಹ ಮೂತ್ರಪಿಂಡವನ್ನು ತಿರಸ್ಕರಿಸಬಹುದು. ಕ್ಷಯದ ಇನ್ನೊಂದು ಔಷಧಿ ಇಥಾಂಬುಟಾಲ್ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ಮೂತ್ರಪಿಂಡ ಸೋತಿದ್ದರೆ ಅದು ಮೈಯಲ್ಲಿ ನಿಂತು ದೃಷ್ಟಿನರವನ್ನು ಕೆಡಿಸಬಹುದು. ಕೆಂಪು, ಹಸಿರು ಬಣ್ಣಗಳು ಮಾಸಿದಂತೆ ಕಾಣುವುದು ಅದರ ಮೊದಲ ಸೂಚನೆ. ನೋವಿನ ಗುಳಿಗೆಗಳು ನೇರವಾಗಿ ಮೂತ್ರಪಿಂಡಕ್ಕೇ ಪೆಟ್ಟು.

ಹಣ್ಣಿನಲ್ಲೂ ಒಂದು ಎಚ್ಚರಿಕೆ. ನಮ್ಮ ಹಿತ್ತಿಲಲ್ಲಿ ಬೆಳೆಯುವ ಚಕ್ಕೋತ ಹಣ್ಣು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಬಲ್ಲದು. ಕಸಿ ರೋಗಿಗಳು ಅದನ್ನು ದೂರವಿಡುವುದು ಒಳ್ಳೆಯದು.

ಗುಳಿಗೆ ಬಿಟ್ಟರೆ ಏನಾಗುತ್ತದೆ?

ಮತ್ತೆ ನಮ್ಮ ರೈತನ ವಿಷಯಕ್ಕೆ ಬರೋಣ. ಐದು ದಿನ ಗುಳಿಗೆ ಬಿಟ್ಟಾಗ ಆತನ ಕಣ್ಣಿಗೆ ಯಾವ ಲಾಭವೂ ಆಗಿರಲಿಲ್ಲ. ಒಳಗೆ ಎರಡು ಅಪಾಯಗಳು ಶುರುವಾಗಿದ್ದವು.

ಮೊದಲನೆಯದು, ಬಹುಕಾಲ ಸ್ಟೀರಾಯ್ಡ್ ಹೊರಗಿನಿಂದ ಸಿಕ್ಕಾಗ ದೇಹದ ಸ್ವಂತ ಸ್ಟೀರಾಯ್ಡ್ ಗ್ರಂಥಿಗಳು ಕೆಲಸ ಮರೆತಿರುತ್ತವೆ. ಒಮ್ಮೆಲೇ ಬಿಟ್ಟರೆ ಅವು ತಕ್ಷಣ ಎದ್ದು ದುಡಿಯಲಾರವು. ಸುಸ್ತು, ವಾಂತಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಎರಡನೆಯದು, ಕಟ್ಟಿಹಾಕಿದ್ದ ಕಾವಲು ನಾಯಿ ಬಿಚ್ಚಿಕೊಂಡು ಹೊಸ ಮೂತ್ರಪಿಂಡದ ಮೇಲೆ ಬೀಳುತ್ತದೆ. ಈ ತಿರಸ್ಕಾರ ಆರಂಭದಲ್ಲಿ ನೋವು ಕೊಡುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಏರಿರುವುದು ಪರೀಕ್ಷೆಯಿಂದಷ್ಟೇ ತಿಳಿಯುತ್ತದೆ. ಕಾಲು ಊದಿ, ಮೂತ್ರ ಕಡಿಮೆಯಾಗುವ ಹೊತ್ತಿಗೆ ತಡವಾಗಿರಬಹುದು.

ಅಂದು ಆತನ ಕ್ರಿಯಾಟಿನಿನ್ 1.2ರಿಂದ 1.9ಕ್ಕೆ ಏರಿತ್ತು, ರಕ್ತದೊತ್ತಡ ತಗ್ಗಿತ್ತು. ಕಸಿ ಮಾಡಿದ ಆಸ್ಪತ್ರೆಯ ವೈದ್ಯರಿಗೆ ಫೋನು ಮಾಡಿದೆ. ಅವರು ಹೇಳಿದಂತೆ ಇಲ್ಲಿಯೇ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು, ಮಧ್ಯಾಹ್ನದೊಳಗೆ ಅಲ್ಲಿಗೆ ಕಳಿಸಿಕೊಟ್ಟೆವು. ಹೊರಡುವ ಮುನ್ನ ಆತ ಕೇಳಿದ: "ಹಂಗಾರ ಕಣ್ಣು ಹೋದ್ರೂ ಗುಳಿಗಿ ನುಂಗಬೇಕೇನ್ರಿ?"

ಆತನ ಪ್ರಶ್ನೆ ನ್ಯಾಯವಾದದ್ದು. "ಇಲ್ಲೋ ತಮ್ಮಾ, ಎರಡನ್ನೂ ಉಳಿಸಿಕೊಳ್ಳೋದಕ್ಕ ದಾರಿ ಐತಿ. ಕಣ್ಣು ಮಂಜಾದ ದಿನಾನ ಬಂದು ಹೇಳಬೇಕು, ಅಷ್ಟ" ಎಂದೆ. ಹೇಳುವಾಗ, ಆತ ಬಂದು ಹೇಳಿದ್ದ, ಕೇಳಿಸಿಕೊಳ್ಳದವನು ನಾನೇ ಎಂಬುದು ನೆನಪಿಗೆ ಬಂತು. ಅದನ್ನೂ ಆತನಿಗೆ ಹೇಳಿದೆ.

ಮನೆಯವರು ನೆನಪಿಡಬೇಕಾದುದು

1. ಕಸಿಗೆ ಮುನ್ನ ಒಮ್ಮೆ ಪೂರ್ಣ ಕಣ್ಣಿನ ಪರೀಕ್ಷೆ ಮಾಡಿಸಿ. ಕಸಿಯ ನಂತರ ವರ್ಷಕ್ಕೊಮ್ಮೆಯಾದರೂ ಮಾಡಿಸಿ. ಸ್ಟೀರಾಯ್ಡ್ ಪ್ರಮಾಣ ಹೆಚ್ಚಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ವೈದ್ಯರು ಹೇಳಿದಂತೆ ಇನ್ನೂ ಬೇಗ.

2. ಪರೀಕ್ಷೆ ಎಂದರೆ ಅಕ್ಷರ ಓದಿಸುವುದಷ್ಟೇ ಅಲ್ಲ. ಕಣ್ಣಿನ ಒತ್ತಡ ಅಳೆಯಬೇಕು, ಪಾಪೆ ಹಿಗ್ಗಿಸುವ ಹನಿ ಹಾಕಿ ಅಕ್ಷಿಪಟಲ ನೋಡಬೇಕು. ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗುವುದರಿಂದ ಜೊತೆಗೆ ಒಬ್ಬರು ಹೋಗಿ.

3. ವಾರಕ್ಕೊಮ್ಮೆ ಮನೆಯಲ್ಲೇ ನೋಡಿಕೊಳ್ಳಿ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಈ ಪತ್ರಿಕೆಯ ಅಕ್ಷರ ಓದಿ, ಆಮೇಲೆ ಮತ್ತೊಂದು ಕಣ್ಣಿನಿಂದ. ಮಕ್ಕಳ ಲೆಕ್ಕದ ನೋಟುಬುಕ್ಕಿನ ಚೌಕುಳಿ ಹಾಳೆಯ ನಡುವೆ ಚುಕ್ಕೆಯಿಟ್ಟು ಅದನ್ನೇ ನೋಡಿ. ಗೆರೆಗಳು ಸೊಟ್ಟಗೆ ಕಂಡರೆ, ನಡುವೆ ಅಳಿಸಿದಂತೆ ಕಂಡರೆ ವೈದ್ಯರಲ್ಲಿ ಹೋಗಿ. ಎರಡೂ ಕಣ್ಣು ತೆರೆದು ನೋಡಿದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಬಿಡುತ್ತದೆ.

4. ಹಠಾತ್ತನೆ ನೋಟ ಹೋದರೆ, ಕಣ್ಣು ಕೆಂಪಾಗಿ ನೋವಾದರೆ, ನೊಣ ಹಾರಿದಂತೆ ಹೊಸದಾಗಿ ಕಂಡರೆ, ಎರಡೆರಡು ಕಂಡರೆ, ಹಣೆಯ ಮೇಲೆ ಗುಳ್ಳೆ ಎದ್ದರೆ ನಾಳೆಗೆ ಮುಂದೂಡಬೇಡಿ.

5. ಯಾವ ಗುಳಿಗೆಯನ್ನೂ ನೀವಾಗಿ ಬಿಡಬೇಡಿ, ಹೆಚ್ಚಿಸಬೇಡಿ, ತಗ್ಗಿಸಬೇಡಿ. ತೊಂದರೆ ಇದ್ದರೆ ವೈದ್ಯರು ಪ್ರಮಾಣ ಬದಲಿಸಬಲ್ಲರು, ಔಷಧಿಯನ್ನೇ ಬದಲಿಸಬಲ್ಲರು.

6. ಗುಳಿಗೆಗಳ ಹೆಸರು, ಪ್ರಮಾಣ, ಕಸಿಯಾದ ದಿನಾಂಕ, ಆಸ್ಪತ್ರೆಯ ಫೋನ್ ಸಂಖ್ಯೆ ಬರೆದ ಚೀಟಿ ಸದಾ ಕಿಸೆಯಲ್ಲಿರಲಿ. ಹಲ್ಲಿನ ವೈದ್ಯರಿಗೂ, ಕಣ್ಣಿನ ವೈದ್ಯರಿಗೂ, ನನ್ನಂಥ ಊರಿನ ವೈದ್ಯರಿಗೂ ಅದನ್ನು ತೋರಿಸಿ.

ಇಷ್ಟೆಲ್ಲ ಓದಿ ಕಸಿಯ ಬಗ್ಗೆ ಯಾರೂ ಹೆದರಬಾರದು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವ ಬದುಕಿಗಿಂತ ಕಸಿಯ ಬದುಕು ಬಹಳ ಉತ್ತಮ. ಮೇಲೆ ಹೇಳಿದ ತೊಂದರೆಗಳು ಎಲ್ಲರಿಗೂ ಬರುವುದಿಲ್ಲ. ಬಂದವರಲ್ಲೂ ಬೇಗ ಗುರುತಿಸಿದರೆ ಹೆಚ್ಚಿನವಕ್ಕೆ ಚಿಕಿತ್ಸೆಯಿದೆ.

ನಮ್ಮ ರೈತ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ. ಕ್ರಿಯಾಟಿನಿನ್ 1.4ಕ್ಕೆ ಇಳಿದು ನಿಂತಿತು. ಮೊದಲಿನ 1.2ಕ್ಕೆ ಮತ್ತೆ ಬರಲಿಲ್ಲ, ಐದು ದಿನದ ಬೆಲೆ ಅದು. ಕಣ್ಣಿನ ಒತ್ತಡ ಸರಿಯಿತ್ತು, ತೊಂದರೆ ಪೊರೆಯದು ಮಾತ್ರ. ಮೂರು ತಿಂಗಳ ನಂತರ ಕಸಿ ವೈದ್ಯರ ಒಪ್ಪಿಗೆ ಪಡೆದು ಹುಬ್ಬಳ್ಳಿಯಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಎಡಗಣ್ಣಿನದು ಈ ಸುಗ್ಗಿ ಮುಗಿದ ಮೇಲೆ.

ಮೊನ್ನೆ ತಾಯಿ ಮಗ ಇಬ್ಬರೂ ಬಂದಿದ್ದರು. ಗುಳಿಗೆಯ ಡಬ್ಬಿ ಈಗ ತಾಯಿಯ ಕೈಯಲ್ಲಿದೆ. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಎದುರಿಗೆ ನಿಂತು ನುಂಗಿಸುತ್ತಾರಂತೆ. "ಸಣ್ಣಾಂವ ಇದ್ದಾಗ ಹಾಲ ಕುಡಸಾಕ ಹಿಂಗ ಕಾಡಸ್ತಿದ್ದ ನೋಡ್ರಿ" ಎಂದು ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು: "ಕಿಡ್ನಿ ನಂದ ಇತ್ತು, ಕೊಟ್ಟೆ. ಇನ್ನೊಮ್ಮೆ ಕೊಡಾಕ ನನ್ನ ಹಂತ್ಯಾಕ ಇಲ್ಲ. ಅದನ್ನ ಇವಗ ತಿಳಿಸಿ ಹೇಳ್ರಿ ಡಾಕ್ಟ್ರ."

ಅದನ್ನೇ ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಕಸಿ ಮಾಡಿಸಿಕೊಂಡವರಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿ. ಕಣ್ಣಿಗಾಗಿ ಗುಳಿಗೆ ಬಿಡುವುದು ಬೇಡ, ಗುಳಿಗೆ ನುಂಗುತ್ತಿದ್ದೇವೆಂದು ಕಣ್ಣನ್ನು ಮರೆಯುವುದೂ ಬೇಡ.